ಗರ್ಭ ಪದೇ ಪದೇ ಇಳಿದುಹೋಗುತ್ತಿದ್ದರೆ: ಒಂದು ರಕ್ತಪರೀಕ್ಷೆ ಮತ್ತು ಅದರ ವರದಿ

ಮನೆಗೆ ಮಗು ಬರುವುದೆಂದರೆ ಸಂಸಾರಕ್ಕೆಲ್ಲ ಸಂತೋಷ. ಆದರೆ ಕೆಲವು ದಂಪತಿಗಳ ಪಾಲಿಗೆ ಈ ಸಂತೋಷವು ಕೈಗೆ ಬಂದಂತಾಗಿ ಮತ್ತೆ ಮತ್ತೆ ತಪ್ಪಿಹೋಗುತ್ತದೆ. ಅಂತಹ ದಂಪತಿಗಳಿಗೆ ವೈದ್ಯರು ಸೂಚಿಸುವ ಪರೀಕ್ಷೆಗಳಲ್ಲಿ ರಕ್ತ ಹೆಪ್ಪುಗಟ್ಟುವ ಕಾಲವನ್ನು ಅಳೆಯುವ ಪರೀಕ್ಷೆಯೂ ಒಂದು. ಈ ಪರೀಕ್ಷೆ ಏಕೆ, ಅದನ್ನು ಹೇಗೆ ಮಾಡುತ್ತಾರೆ, ಅದರ ವರದಿಯನ್ನು ಏಕೆ ಜೋಪಾನವಾಗಿ ಇಟ್ಟುಕೊಳ್ಳಬೇಕು ಎಂಬುದನ್ನು ಪತಿ-ಪತ್ನಿಯರಿಬ್ಬರೂ ತಿಳಿದಿರುವುದು ಅವಶ್ಯಕ.

ಒಂದು ಸಂಸಾರವನ್ನು ಊಹಿಸಿಕೊಳ್ಳೋಣ. ಆಕೆಗೆ ಮೂರು ಸಲ ಗರ್ಭಪಾತವಾಗಿದೆ. ವೈದ್ಯರ ಸಲಹೆಯಂತೆ ಒಂದು ಪಟ್ಟಣದಲ್ಲಿ ರಕ್ತಪರೀಕ್ಷೆ ಮಾಡಿಸಿದರು. ವರದಿಯಲ್ಲಿ ‘ಲೂಪಸ್ ಆಂಟಿಕೋಆಗ್ಯುಲಂಟ್ – 60’ ಎಂದು ಬರೆದಿತ್ತು. ನಾಲ್ಕು ತಿಂಗಳ ನಂತರ ಬೇರೊಂದು ಊರಿನಲ್ಲಿ ಮತ್ತೆ ಪರೀಕ್ಷೆ ಮಾಡಿಸಿದಾಗ ಅದೇ ಹೆಸರಿನ ಮುಂದೆ ‘1.36’ ಎಂದು ಬಂದಿತು. ‘ಅರವತ್ತು ಇದ್ದದ್ದು ಒಂದೂ ಚಿಲ್ಲರೆಗೆ ಇಳಿದಿದೆ, ದೋಷ ಕಳೆಯಿತು’ ಎಂದು ಮನೆಯವರು ಸಮಾಧಾನಪಟ್ಟುಕೊಂಡರು. ಹಳೆಯ ಕಾಗದವನ್ನು ಬಿಸಾಡಿದರು. ಆಕೆ ನಾಲ್ಕನೆಯ ಬಾರಿ ಗರ್ಭ ಧರಿಸಿದಾಗ ವೈದ್ಯರ ಬಳಿಗೆ ಹೋಗುವ ಅಗತ್ಯವೇ ಅವರಿಗೆ ಕಾಣಲಿಲ್ಲ.

ವಾಸ್ತವದಲ್ಲಿ ದೋಷ ಕಳೆದಿರಲಿಲ್ಲ. ಆ ಎರಡು ಅಂಕಿಗಳು ಎರಡು ಬೇರೆ ಬೇರೆ ಅಳತೆಗಳಾಗಿದ್ದವು. ಸೇರನ್ನೂ ಗಜವನ್ನೂ ಹೋಲಿಸಿ ನೋಡಿದಂತೆ ಅವರು ಅವೆರಡನ್ನು ಹೋಲಿಸಿದ್ದರು. ಇಂತಹ ತಪ್ಪು ತಿಳಿವಳಿಕೆಯಿಂದ, ಉಳಿಸಿಕೊಳ್ಳಬಹುದಾದ ಗರ್ಭವೂ ಕೈತಪ್ಪಬಹುದು.

ಇದು ಯಾರ ತಪ್ಪೂ ಅಲ್ಲ

ಗರ್ಭಪಾತಕ್ಕೆ ಅನೇಕ ಕಾರಣಗಳಿವೆ. ಗರ್ಭದ ಬೆಳವಣಿಗೆಯಲ್ಲಿನ ದೋಷ, ಗರ್ಭಕೋಶದ ರಚನೆಯಲ್ಲಿನ ವ್ಯತ್ಯಾಸ, ಸಕ್ಕರೆ ಕಾಯಿಲೆ, ಥೈರಾಯ್ಡ್ ಗ್ರಂಥಿಯ ತೊಂದರೆ ಮುಂತಾದವು ಇದರಲ್ಲಿ ಸೇರಿವೆ. ಕೆಲವು ಸಲ ಎಷ್ಟು ಪರೀಕ್ಷಿಸಿದರೂ ಕಾರಣ ತಿಳಿಯುವುದಿಲ್ಲ. ಯಾವುದೇ ಕಾರಣವಿರಲಿ, ಹೆಣ್ಣುಮಗಳನ್ನು ದೂಷಿಸುವುದು, ಆಕೆಯ ಕಾಲ್ಗುಣವನ್ನು ಹಳಿಯುವುದು, ಮತ್ತೊಂದು ಮದುವೆಯ ಮಾತೆತ್ತುವುದು ಸರ್ವಥಾ ಸಲ್ಲದು. ಇಲ್ಲಿ ವಿವರಿಸುವ ದೋಷವಂತೂ ಆಕೆಯ ನಡತೆಯಿಂದಾಗಲಿ, ಆಹಾರದಿಂದಾಗಲಿ, ಗ್ರಹಚಾರದಿಂದಾಗಲಿ ಬರುವಂತಹುದಲ್ಲ. ಅದು ರಕ್ತದಲ್ಲಿ ಉಂಟಾಗುವ ಒಂದು ವ್ಯತ್ಯಾಸ. ಅದನ್ನು ಕಂಡುಹಿಡಿಯಬಹುದು, ಅದಕ್ಕೆ ಚಿಕಿತ್ಸೆಯೂ ಉಂಟು.

ರಕ್ತದಲ್ಲಿನ ಈ ವ್ಯತ್ಯಾಸ ಯಾವುದು?

ಕೈಗೆ ಕುಡುಗೋಲು ತಗುಲಿ ಗಾಯವಾದಾಗ ಸ್ವಲ್ಪ ಹೊತ್ತಿನಲ್ಲಿ ರಕ್ತವು ತಾನಾಗಿಯೇ ಹೆಪ್ಪುಗಟ್ಟಿ ನಿಲ್ಲುತ್ತದೆ. ಇದು ಪ್ರಕೃತಿಯು ಒದಗಿಸಿದ ರಕ್ಷಣೆ. ಆದರೆ ಗಾಯವಿಲ್ಲದೆ ರಕ್ತನಾಳದ ಒಳಗೇ ಹೆಪ್ಪುಗಟ್ಟಿದರೆ ಅದು ಅಪಾಯಕಾರಿ.

ರೋಗಾಣುಗಳನ್ನು ಎದುರಿಸಲು ನಮ್ಮ ಶರೀರವು ಪ್ರತಿಕಾಯಗಳೆಂಬ ವಸ್ತುಗಳನ್ನು ಉತ್ಪಾದಿಸುತ್ತದೆ. ಕೆಲವರಲ್ಲಿ ಈ ಕಾವಲು ದಾರಿತಪ್ಪಿ, ಶರೀರದ ಸ್ವಂತ ವಸ್ತುಗಳ ಮೇಲೆಯೇ ತಿರುಗಿಬೀಳುತ್ತದೆ. ಜೀವಕೋಶಗಳ ಹೊರಪದರದಲ್ಲಿ ಫಾಸ್ಫೋಲಿಪಿಡ್ ಎಂಬ ಕೊಬ್ಬಿನ ಜಾತಿಯ ವಸ್ತುವಿದೆ. ಈ ವಸ್ತುವಿಗೂ ಅದಕ್ಕೆ ಅಂಟಿಕೊಳ್ಳುವ ಪ್ರೋಟೀನುಗಳಿಗೂ ವಿರುದ್ಧವಾಗಿ ಹುಟ್ಟುವ ಒಂದು ಬಗೆಯ ಪ್ರತಿಕಾಯವೇ ‘ಲೂಪಸ್ ಆಂಟಿಕೋಆಗ್ಯುಲಂಟ್’. ಈ ಲೇಖನದಲ್ಲಿ ಇದನ್ನು ‘ಲೂಪಸ್ ಪ್ರತಿಕಾಯ’ ಎಂದು ಕರೆಯೋಣ.

ಇದರ ಹೆಸರೇ ಜನರನ್ನು ದಾರಿತಪ್ಪಿಸುವಂತಿದೆ. 1952ರಲ್ಲಿ ಅಮೆರಿಕದ ವೈದ್ಯರಾದ ಕಾನ್ಲಿ ಮತ್ತು ಹಾರ್ಟ್‌ಮನ್ ಅವರು ಲೂಪಸ್ ಎಂಬ ಕಾಯಿಲೆಯುಳ್ಳ ರೋಗಿಗಳ ರಕ್ತವು ಪರೀಕ್ಷೆಯಲ್ಲಿ ತಡವಾಗಿ ಹೆಪ್ಪುಗಟ್ಟುವುದನ್ನು ಗಮನಿಸಿದರು. 1972ರಲ್ಲಿ ಇದಕ್ಕೆ ‘ಲೂಪಸ್ ಕಾಯಿಲೆಯವರಲ್ಲಿ ಕಾಣುವ, ಹೆಪ್ಪುಗಟ್ಟುವುದನ್ನು ತಡೆಯುವ ವಸ್ತು’ ಎಂಬ ಅರ್ಥದ ಈ ಹೆಸರು ಬಂದಿತು. ಆದರೆ ಈ ಪ್ರತಿಕಾಯವುಳ್ಳ ಬಹುಮಂದಿಗೆ ಲೂಪಸ್ ಕಾಯಿಲೆ ಇರುವುದಿಲ್ಲ. ಅಲ್ಲದೆ, ಇದು ಗಾಜಿನ ನಳಿಕೆಯಲ್ಲಿ ರಕ್ತ ಹೆಪ್ಪುಗಟ್ಟುವುದನ್ನು ತಡಮಾಡಿದರೂ ಶರೀರದೊಳಗೆ ಅದಕ್ಕೆ ವಿರುದ್ಧವಾಗಿ ಹೆಪ್ಪುಗಟ್ಟುವುದನ್ನು ಹೆಚ್ಚಿಸುತ್ತದೆ. ಗರ್ಭಿಣಿಯಲ್ಲಿ ಮಾಸಿನ ಬೆಳವಣಿಗೆಗೆ ಅಡ್ಡಿಯಾಗಿ, ಅಲ್ಲಿನ ಸಣ್ಣ ರಕ್ತನಾಳಗಳಲ್ಲಿ ಹೆಪ್ಪುಂಟಾಗಬಹುದು. ಆಗ ಮಗುವಿಗೆ ತಾಯಿಯಿಂದ ಸಾಕಷ್ಟು ಪೋಷಣೆ ದೊರೆಯುವುದಿಲ್ಲ. ಇಂತಹ ಪ್ರತಿಕಾಯಗಳಿಗೂ ರಕ್ತನಾಳದ ಹೆಪ್ಪು ಮತ್ತು ಪದೇ ಪದೇ ಆಗುವ ಗರ್ಭಪಾತಕ್ಕೂ ಇರುವ ನಂಟನ್ನು ಲಂಡನ್ನಿನ ವೈದ್ಯ ಗ್ರಹಾಂ ಹ್ಯೂಸ್ ಅವರು 1983ರಲ್ಲಿ ವಿವರವಾಗಿ ನಿರೂಪಿಸಿದರು.

ಯಾರಿಗೆ ಈ ಪರೀಕ್ಷೆ ಅಗತ್ಯ?

ಎಲ್ಲ ಗರ್ಭಿಣಿಯರಿಗೂ ಇದು ಬೇಕಾಗಿಲ್ಲ. ಒಂದೇ ಒಂದು ಸಲ ಆರಂಭದ ದಿನಗಳಲ್ಲಿ ಗರ್ಭಪಾತವಾದರೆ ಗಾಬರಿಪಡಬೇಕಾಗಿಲ್ಲ. ಕೆಳಗಿನ ಸಂದರ್ಭಗಳಲ್ಲಿ ವೈದ್ಯರು ಇದನ್ನು ಸೂಚಿಸಬಹುದು:

1. ಗರ್ಭವು ಪದೇ ಪದೇ ಇಳಿದುಹೋಗಿದ್ದರೆ.
2. ಹತ್ತು ವಾರ ತುಂಬಿದ ನಂತರ, ಅಂಗಾಂಗಗಳು ಸರಿಯಾಗಿದ್ದ ಮಗು ಹೊಟ್ಟೆಯಲ್ಲಿಯೇ ಸತ್ತಿದ್ದರೆ.
3. ರಕ್ತದ ಒತ್ತಡ ವಿಪರೀತ ಏರಿ, ನಂಜು ಕಾಣಿಸಿಕೊಂಡು, ಅಥವಾ ಮಾಸು ಸರಿಯಾಗಿ ಕೆಲಸ ಮಾಡದೆ, 34 ವಾರಕ್ಕೆ ಮುಂಚೆಯೇ ಹೆರಿಗೆಯಾಗಿದ್ದರೆ.
4. ಚಿಕ್ಕ ವಯಸ್ಸಿನಲ್ಲಿ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದರೆ ಅಥವಾ ಪಾರ್ಶ್ವವಾಯು ಬಡಿದಿದ್ದರೆ.

ಇದರೊಂದಿಗೆ ಇದೇ ಗುಂಪಿನ ಇನ್ನೆರಡು ಪ್ರತಿಕಾಯಗಳ ಪರೀಕ್ಷೆಯನ್ನೂ ಸಾಮಾನ್ಯವಾಗಿ ಮಾಡಿಸುತ್ತಾರೆ.

ಪರೀಕ್ಷೆಯನ್ನು ಹೇಗೆ ಮಾಡುತ್ತಾರೆ?

ನಮ್ಮ ಹೊಲಗದ್ದೆಗಳ ರೈತರಿಗೆ ಕೊಳಕುಮಂಡಲದ ಹಾವನ್ನು ಪರಿಚಯಿಸಬೇಕಾಗಿಲ್ಲ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇವೆಯಲ್ಲಿದ್ದು ದಕ್ಷಿಣ ಭಾರತದ ಹಾವುಗಳನ್ನು ಅಭ್ಯಾಸ ಮಾಡಿದ ಪ್ಯಾಟ್ರಿಕ್ ರಸೆಲ್ ಎಂಬ ವೈದ್ಯರ ಹೆಸರು ಇಂಗ್ಲಿಷಿನಲ್ಲಿ ಈ ಹಾವಿಗೆ ಬಂದಿದೆ. ಇದರ ವಿಷಕ್ಕೆ ರಕ್ತವನ್ನು ಹೆಪ್ಪುಗಟ್ಟಿಸುವ ಗುಣವಿದೆ. ಈ ಗುಣವನ್ನೇ ಬಳಸಿಕೊಂಡು, ತೀರ ತೆಳುಮಾಡಿದ ವಿಷದಿಂದ ಲೂಪಸ್ ಪ್ರತಿಕಾಯವನ್ನು ಕಂಡುಹಿಡಿಯುವ ಪರೀಕ್ಷೆ 1986ರಲ್ಲಿ ಬಳಕೆಗೆ ಬಂದಿತು. ವಿಷವು ಪರೀಕ್ಷೆಗೆ ಒಳಗಾದವರ ಶರೀರವನ್ನು ಮುಟ್ಟುವುದೇ ಇಲ್ಲ. ಅವರಿಂದ ತೆಗೆದುಕೊಂಡ ರಕ್ತದ ತಿಳಿಭಾಗಕ್ಕೆ ಅದನ್ನು ಪ್ರಯೋಗಾಲಯದಲ್ಲಿ ಬೆರೆಸುತ್ತಾರೆ. ಆದ್ದರಿಂದ ಯಾರೂ ಅಂಜಬೇಕಾಗಿಲ್ಲ.

ಈ ಪರೀಕ್ಷೆಗೆ ಮೂರು ಹಂತಗಳಿವೆ.

ಮೊದಲನೆಯದು ಶೋಧನೆಯ ಹಂತ. ರಕ್ತದ ತಿಳಿಭಾಗಕ್ಕೆ ವಿಷವನ್ನೂ ಸ್ವಲ್ಪವೇ ಫಾಸ್ಫೋಲಿಪಿಡನ್ನೂ ಬೆರೆಸಿ, ಎಷ್ಟು ಸೆಕೆಂಡುಗಳಲ್ಲಿ ಹೆಪ್ಪುಗಟ್ಟುವುದೆಂದು ಅಳೆಯುತ್ತಾರೆ. ಪ್ರತಿಕಾಯವಿದ್ದರೆ ಅದು ಈ ಅಲ್ಪ ಫಾಸ್ಫೋಲಿಪಿಡನ್ನು ಹಿಡಿದಿಟ್ಟುಕೊಳ್ಳುವುದರಿಂದ ಹೆಪ್ಪುಗಟ್ಟುವುದು ತಡವಾಗುತ್ತದೆ.

ಎರಡನೆಯದು ಮಿಶ್ರಣದ ಹಂತ. ಆರೋಗ್ಯವಂತರ ರಕ್ತದ ತಿಳಿಭಾಗವನ್ನು ಸಮಪ್ರಮಾಣದಲ್ಲಿ ಸೇರಿಸಿ ಮತ್ತೆ ಅಳೆಯುತ್ತಾರೆ. ಹೆಪ್ಪುಗಟ್ಟಲು ಬೇಕಾದ ಯಾವುದಾದರೂ ಅಂಶದ ಕೊರತೆಯಿಂದ ತಡವಾಗುತ್ತಿದ್ದರೆ ಈ ಬೆರಕೆಯಿಂದ ಕೊರತೆ ತುಂಬಿ, ಕಾಲವು ಸರಿಹೋಗುತ್ತದೆ. ತಡೆಯುವ ವಸ್ತುವೇ ಇದ್ದರೆ ಸಾಮಾನ್ಯವಾಗಿ ತಡವು ಹಾಗೆಯೇ ಉಳಿಯುತ್ತದೆ.

ಮೂರನೆಯದು ದೃಢೀಕರಣದ ಹಂತ. ಈ ಬಾರಿ ಫಾಸ್ಫೋಲಿಪಿಡನ್ನು ಧಾರಾಳವಾಗಿ ಹಾಕುತ್ತಾರೆ. ಪ್ರತಿಕಾಯವು ಹಿಡಿದಿಟ್ಟುಕೊಂಡರೂ ಇನ್ನೂ ಸಾಕಷ್ಟು ಮಿಗುವುದರಿಂದ ರಕ್ತವು ಬೇಗ ಹೆಪ್ಪುಗಟ್ಟುತ್ತದೆ. ಹೀಗಾದರೆ ತಡಕ್ಕೆ ಕಾರಣ ಲೂಪಸ್ ಪ್ರತಿಕಾಯವೇ ಎಂದು ತಿಳಿಯುತ್ತದೆ.

ಒಂದೇ ಬಗೆಯ ಪರೀಕ್ಷೆಯಿಂದ ಎಲ್ಲ ಪ್ರತಿಕಾಯಗಳೂ ಪತ್ತೆಯಾಗುವುದಿಲ್ಲ. ಆದ್ದರಿಂದ ಹಾವಿನ ವಿಷದ ಪರೀಕ್ಷೆಯ ಜೊತೆಗೆ ‘ಎ.ಪಿ.ಟಿ.ಟಿ.’ ಎಂಬ ಬೇರೆ ಬಗೆಯ ಹೆಪ್ಪುಗಟ್ಟುವ ಪರೀಕ್ಷೆಯನ್ನೂ ಮಾಡಬೇಕೆಂದು ಅಂತರರಾಷ್ಟ್ರೀಯ ತಜ್ಞರು ಶಿಫಾರಸು ಮಾಡಿದ್ದಾರೆ.

60 ಮತ್ತು 1.36: ಅಂಕಿಗಳ ಅರ್ಥವೇನು?

ಈಗ ಆರಂಭದಲ್ಲಿ ಹೇಳಿದ ದಂಪತಿಗಳ ವರದಿಗಳನ್ನು ನೋಡೋಣ.

ಶೋಧನೆಯ ಹಂತದಲ್ಲಿ ಆಕೆಯ ರಕ್ತ ಹೆಪ್ಪುಗಟ್ಟಲು 60 ಸೆಕೆಂಡು ಬೇಕಾಯಿತು. ಅದೇ ಪ್ರಯೋಗಾಲಯದಲ್ಲಿ ಆರೋಗ್ಯವಂತರ ರಕ್ತಕ್ಕೆ 40 ಸೆಕೆಂಡು ಸಾಕಾಯಿತು ಎಂದಿಟ್ಟುಕೊಳ್ಳಿ. 60ನ್ನು 40ರಿಂದ ಭಾಗಿಸಿದರೆ 1.5 ಬರುತ್ತದೆ. ಇದು ಶೋಧನೆಯ ಅನುಪಾತ. ದೃಢೀಕರಣದ ಹಂತದಲ್ಲಿ ಆಕೆಯ ರಕ್ತಕ್ಕೆ 44 ಸೆಕೆಂಡು, ಆರೋಗ್ಯವಂತರ ರಕ್ತಕ್ಕೆ 40 ಸೆಕೆಂಡು ಹಿಡಿದರೆ ಅನುಪಾತ 1.1 ಆಗುತ್ತದೆ. ಕೊನೆಗೆ ಮೊದಲ ಅನುಪಾತವಾದ 1.5ನ್ನು 1.1ರಿಂದ ಭಾಗಿಸಿದರೆ ಸುಮಾರು 1.36 ಬರುತ್ತದೆ.

60, 1.5, 1.36 – ಈ ಮೂರೂ ಒಂದೇ ರಕ್ತದಿಂದ ಬಂದ ಅಂಕಿಗಳು, ಒಂದೇ ಸಂಗತಿಯನ್ನು ಹೇಳುವ ಅಂಕಿಗಳು. ಒಂದು ಪ್ರಯೋಗಾಲಯ ಸೆಕೆಂಡುಗಳನ್ನು ಬರೆಯಿತು, ಇನ್ನೊಂದು ಕೊನೆಯ ಅನುಪಾತವನ್ನು ಬರೆಯಿತು. ಎರಡೂ ಕಡೆ ‘ಲೂಪಸ್ ಆಂಟಿಕೋಆಗ್ಯುಲಂಟ್’ ಎಂಬ ಒಂದೇ ಹೆಸರಿತ್ತು. ಆ ದಂಪತಿಗಳು ತಪ್ಪು ತಿಳಿದದ್ದು ಇದರಿಂದಲೇ.

ಹೊಲಕ್ಕೆ ಸರ್ವೆ ನಂಬರಿನಂತೆ ಪರೀಕ್ಷೆಗೂ ಒಂದು ಸಂಖ್ಯೆ

ನಮ್ಮ ಊರುಗಳಲ್ಲಿ ಹೊಲಗದ್ದೆಗಳನ್ನು ಬಾಯಿಮಾತಿನಲ್ಲಿ ಹೆಸರಿನಿಂದ ಕರೆಯುವುದು ರೂಢಿ. ಒಬ್ಬರು ‘ಹುಣಸೆಮರದ ಹೊಲ’ ಎನ್ನುವುದನ್ನು ಮತ್ತೊಬ್ಬರು ‘ಬಾವಿ ಹೊಲ’ ಎನ್ನಬಹುದು. ‘ಕೆರೆ ಕೆಳಗಿನ ಗದ್ದೆ’ ಎಂಬ ಹೆಸರಿನವು ಹತ್ತಾರಿರಬಹುದು. ಊರಿನೊಳಗೆ ಇದರಿಂದ ತೊಂದರೆಯಿಲ್ಲ. ಆದರೆ ತಾಲ್ಲೂಕು ಕಚೇರಿಯಲ್ಲಿ ಹೆಸರು ಸಾಲದು. ಅಲ್ಲಿ ಸರ್ವೆ ನಂಬರು, ಹಿಸ್ಸಾ ನಂಬರು ಬೇಕು. ಆಗ ಯಾವ ಜಮೀನೆಂಬ ಬಗ್ಗೆ ಸಂದೇಹಕ್ಕೆ ಎಡೆಯಿರುವುದಿಲ್ಲ.

ರಕ್ತಪರೀಕ್ಷೆಗಳಿಗೂ ಇಂತಹ ಸಂಖ್ಯೆಗಳನ್ನು ಕೊಡುವ ಏರ್ಪಾಡು ಇದೆ. ಅದರ ಹೆಸರು ‘ಲಾಯಿಂಕ್’. 1994ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್ ನಗರದ ರೀಗನ್‌ಸ್ಟ್ರೀಫ್ ಸಂಸ್ಥೆಯಲ್ಲಿ ಇದು ಆರಂಭವಾಯಿತು. ಭಾರತ ಸರ್ಕಾರದ ಆರೋಗ್ಯ ಮಂತ್ರಾಲಯವು 2016ರಲ್ಲಿ ಪ್ರಕಟಿಸಿದ ವಿದ್ಯುನ್ಮಾನ ಆರೋಗ್ಯ ದಾಖಲೆಗಳ ಮಾನದಂಡಗಳಲ್ಲಿಯೂ ಪ್ರಯೋಗಾಲಯ ಪರೀಕ್ಷೆಗಳಿಗಾಗಿ ಇದನ್ನೇ ಸೂಚಿಸಲಾಗಿದೆ. ಉದಾಹರಣೆಗೆ, ರಕ್ತದಲ್ಲಿರುವ ಹಿಮೋಗ್ಲೋಬಿನ್ ಪ್ರಮಾಣದ ಸಂಖ್ಯೆ 718-7. ಯಾವ ದೇಶದ ಯಾವ ಭಾಷೆಯ ವರದಿಯಲ್ಲಿ ಈ ಸಂಖ್ಯೆ ಇದ್ದರೂ ಅರ್ಥ ಒಂದೇ.

ಒಂದು ಸಂಖ್ಯೆಯನ್ನು ಗೊತ್ತುಮಾಡುವಾಗ ಆರು ವಿಷಯಗಳನ್ನು ನೋಡುತ್ತಾರೆ: ಅಳೆದದ್ದು ಏನನ್ನು; ಅಳತೆ ಯಾವ ಬಗೆಯದು, ಕಾಲವೋ ಅನುಪಾತವೋ; ಒಂದು ಹೊತ್ತಿನದೋ ದಿನಪೂರ್ತಿಯದೋ; ರಕ್ತವೇ, ರಕ್ತದ ತಿಳಿಭಾಗವೇ, ಮೂತ್ರವೇ; ಉತ್ತರ ಅಂಕಿಯಲ್ಲಿದೆಯೋ ‘ಇದೆ–ಇಲ್ಲ’ ಎಂಬಂತಿದೆಯೋ; ವಿಧಾನ ಯಾವುದು. ಲೂಪಸ್ ಪ್ರತಿಕಾಯದ ಪರೀಕ್ಷೆಯಲ್ಲಿ ಶೋಧನೆಯ ಸೆಕೆಂಡುಗಳಿಗೆ ಒಂದು ಸಂಖ್ಯೆ, ಅನುಪಾತಕ್ಕೆ ಇನ್ನೊಂದು, ದೃಢೀಕರಣಕ್ಕೆ ಮತ್ತೊಂದು ಎಂಬಂತೆ ಬೇರೆ ಬೇರೆ ಸಂಖ್ಯೆಗಳಿರುತ್ತವೆ. ಸಂಖ್ಯೆ ಬೇರೆಯಾದರೆ ಅಂಕಿಗಳನ್ನು ನೇರವಾಗಿ ಹೋಲಿಸಬಾರದೆಂದು ವೈದ್ಯರಿಗೂ ಗಣಕಯಂತ್ರಕ್ಕೂ ಒಡನೆ ತಿಳಿಯುತ್ತದೆ.

ಆದರೆ ಸರ್ವೆ ನಂಬರು ಜಮೀನಿನ ಗುರುತನ್ನು ಹೇಳುತ್ತದೆಯೇ ಹೊರತು ಅದರ ಬೆಳೆಯನ್ನು ಹೇಳುವುದಿಲ್ಲ. ಹಾಗೆಯೇ ಈ ಸಂಖ್ಯೆಯು ಯಾವ ಪರೀಕ್ಷೆಯೆಂದು ತಿಳಿಸುತ್ತದೆ, ಫಲಿತಾಂಶ ಸರಿಯೋ ಹೆಚ್ಚೋ ಎಂಬುದನ್ನು ತಿಳಿಸುವುದಿಲ್ಲ. ಅದಕ್ಕೆ ಪ್ರತಿಯೊಂದು ಪ್ರಯೋಗಾಲಯವೂ ಆರೋಗ್ಯವಂತರ ರಕ್ತವನ್ನು ಪರೀಕ್ಷಿಸಿ ತನ್ನದೇ ಮಿತಿಯನ್ನು ಗೊತ್ತುಮಾಡಿಕೊಂಡಿರುತ್ತದೆ. ಆ ಮಿತಿಯೂ ವರದಿಯಲ್ಲಿರಬೇಕು.

ಅನೇಕ ವರದಿಗಳಲ್ಲಿ ಈ ಸಂಖ್ಯೆ ಮುದ್ರಿತವಾಗಿರುವುದಿಲ್ಲ. ಆದ್ದರಿಂದ ವರದಿಯನ್ನು ಪಡೆಯುವಾಗ ಈ ನಾಲ್ಕು ವಿಷಯಗಳು ಅದರಲ್ಲಿವೆಯೇ ಎಂದು ಕೇಳಿ ನೋಡಿಕೊಳ್ಳಿ: ಪರೀಕ್ಷೆಯ ಪೂರ್ಣ ಹೆಸರು ಮತ್ತು ಹಂತ, ಅಂಕಿಯ ಮುಂದೆ ಸೆಕೆಂಡು ಅಥವಾ ಅನುಪಾತ ಎಂಬ ಸೂಚನೆ, ಆ ಪ್ರಯೋಗಾಲಯದ ಮಿತಿ, ರಕ್ತ ತೆಗೆದ ದಿನಾಂಕ. ಕೇಳಲು ಸಂಕೋಚಪಡಬೇಡಿ, ಇದು ನಿಮ್ಮ ಹಕ್ಕು.

ಹನ್ನೆರಡು ವಾರಗಳ ನಂತರ ಮತ್ತೊಮ್ಮೆ

ಜ್ವರ ಮತ್ತಿತರ ಸೋಂಕುಗಳ ನಂತರ ಕೆಲವರಲ್ಲಿ ಈ ಪ್ರತಿಕಾಯವು ಕೆಲಕಾಲ ಕಾಣಿಸಿಕೊಂಡು ಮಾಯವಾಗುತ್ತದೆ. ಆದ್ದರಿಂದ ಒಂದು ಸಲದ ಪರೀಕ್ಷೆಯಿಂದ ತೀರ್ಮಾನಕ್ಕೆ ಬರುವಂತಿಲ್ಲ. ಕನಿಷ್ಠ 12 ವಾರಗಳ ಅಂತರದಲ್ಲಿ ಎರಡನೆಯ ಬಾರಿ ಪರೀಕ್ಷಿಸಿದಾಗಲೂ ಅದು ಕಂಡುಬಂದರೆ ಮಾತ್ರ ದೋಷ ನೆಲೆಯೂರಿದೆ ಎಂದು ಹೇಳಬಹುದು. ಮೊದಲ ವರದಿ ಕಳೆದುಹೋದರೆ ಎರಡನೆಯದರ ಬೆಲೆಯೂ ಅರ್ಧವಾಗುತ್ತದೆ. ಸಾಧ್ಯವಾದಲ್ಲಿ ಎರಡು ಬಾರಿಯೂ ಒಂದೇ ಪ್ರಯೋಗಾಲಯದಲ್ಲಿ ಮಾಡಿಸುವುದು ಮೇಲು.

ಬಸುರಿನಲ್ಲಿಯೂ, ತೀವ್ರ ಕಾಯಿಲೆಯಲ್ಲಿಯೂ ಈ ಪರೀಕ್ಷೆಯ ಫಲಿತಾಂಶವನ್ನು ಅರ್ಥಮಾಡಿಕೊಳ್ಳುವುದು ಕಷ್ಟ. ಹೆಪ್ಪುಗಟ್ಟುವುದನ್ನು ತಡೆಯುವ ಔಷಧಿಗಳೂ ಫಲಿತಾಂಶವನ್ನು ಕೆಡಿಸುತ್ತವೆ. ಆದ್ದರಿಂದ ರಕ್ತ ಕೊಡುವ ಮೊದಲು ತಾವು ಸೇವಿಸುತ್ತಿರುವ ಎಲ್ಲ ಔಷಧಿಗಳನ್ನೂ ತಿಳಿಸಬೇಕು. ಆದರೆ ವೈದ್ಯರು ಹೇಳದೆ ಯಾವ ಔಷಧಿಯನ್ನೂ ನಿಲ್ಲಿಸಬಾರದು. ರಕ್ತ ತೆಗೆದ ಬಳಿಕ ಕೆಲವೇ ಗಂಟೆಗಳಲ್ಲಿ ಅದರ ತಿಳಿಭಾಗವನ್ನು ಬೇರ್ಪಡಿಸಬೇಕಾಗುತ್ತದೆ. ಹೀಗಾಗಿ, ದೂರವಾದರೂ ಈ ಸೌಲಭ್ಯವಿರುವ ಆಸ್ಪತ್ರೆಗೇ ಹೋಗಿ ರಕ್ತ ಕೊಡುವುದು ಒಳ್ಳೆಯದು. ಯಾವ ಆಸ್ಪತ್ರೆಯೆಂಬುದನ್ನು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಂದ ತಿಳಿಯಿರಿ.

ದೋಷವಿದ್ದರೆ ಮುಂದೇನು?

ಧೈರ್ಯಗೆಡುವ ಕಾರಣವಿಲ್ಲ. ಗರ್ಭಿಣಿಯಾದ ಕೂಡಲೇ ವೈದ್ಯರ ಮೇಲ್ವಿಚಾರಣೆಗೆ ಬಂದರೆ, ಕಡಿಮೆ ಪ್ರಮಾಣದ ಆಸ್ಪಿರಿನ್ ಮಾತ್ರೆ ಮತ್ತು ಹೆಪಾರಿನ್ ಚುಚ್ಚುಮದ್ದಿನ ಚಿಕಿತ್ಸೆಯನ್ನು ಅವರು ನಿರ್ಧರಿಸುತ್ತಾರೆ. ಹೆಪಾರಿನ್ ಮಾಸನ್ನು ದಾಟಿ ಮಗುವನ್ನು ಸೇರುವುದಿಲ್ಲ. ಈ ಚುಚ್ಚುಮದ್ದನ್ನು ಚರ್ಮದ ಕೆಳಗೆ ಕೊಡುವುದರಿಂದ ದಾದಿಯವರಿಂದ ಕಲಿತು ಪತಿಯೇ ಮನೆಯಲ್ಲಿ ಕೊಡಬಹುದು. ಹಿಂದೆ ಗರ್ಭಗಳನ್ನು ಕಳೆದುಕೊಂಡಿದ್ದ ಬಹುಪಾಲು ತಾಯಂದಿರು ಇಂತಹ ಚಿಕಿತ್ಸೆಯಿಂದ ಜೀವಂತ ಮಗುವನ್ನು ಪಡೆದಿದ್ದಾರೆ. ಈ ಔಷಧಿಗಳನ್ನು ಸ್ವಂತ ಬುದ್ಧಿಯಿಂದಾಗಲಿ, ಅಂಗಡಿಯವರ ಮಾತಿನಿಂದಾಗಲಿ ತೆಗೆದುಕೊಂಡರೆ ರಕ್ತಸ್ರಾವದ ಅಪಾಯವಿದೆ. ಹೆಪ್ಪು ತಡೆಯುವ ವಾರ್ಫರಿನ್ ಮಾತ್ರೆ ಸೇವಿಸುತ್ತಿರುವವರು ಗರ್ಭ ಧರಿಸುವ ಮೊದಲೇ ವೈದ್ಯರನ್ನು ಕಾಣಬೇಕು. ಅದು ಗರ್ಭಸ್ಥ ಶಿಶುವಿಗೆ ಹಾನಿಮಾಡಬಲ್ಲದು.

ಹೆರಿಗೆಯ ನಂತರವೂ ಕೆಲವು ವಾರಗಳ ಕಾಲ ಎಚ್ಚರ ಬೇಕು. ಒಂದು ಕಾಲು ಊದಿ ನೋಯುವುದು, ಹಠಾತ್ ಉಬ್ಬಸ ಅಥವಾ ಎದೆನೋವು, ಮಾತು ತೊದಲುವುದು, ಕೈಕಾಲು ಸೋಲುವುದು ಕಂಡುಬಂದರೆ ತಡಮಾಡದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಸೇರಿಸಬೇಕು. ಬಸುರಿನಲ್ಲಿ ರಕ್ತಸ್ರಾವ, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮಗುವಿನ ಚಲನೆ ಕಡಿಮೆಯಾಗುವುದು ಕಂಡಾಗಲೂ ಹೀಗೆಯೇ ಮಾಡಬೇಕು.

ಮಕ್ಕಳ ನಡುವಿನ ಅಂತರಕ್ಕೆ ಯಾವ ವಿಧಾನ?

ಎರಡು ಪರೀಕ್ಷೆಗಳ ನಡುವಣ ಅವಧಿಯಲ್ಲಿಯೂ ಹೆರಿಗೆಯ ನಂತರವೂ ಗರ್ಭನಿರೋಧಕ ವಿಧಾನ ಬೇಕಾಗಬಹುದು. ಲೂಪಸ್ ಪ್ರತಿಕಾಯ ಇರುವವರು ಈಸ್ಟ್ರೋಜನ್ ಸೇರಿದ ಮಾತ್ರೆಗಳನ್ನು ಬಳಸಬಾರದು. ‘ಮಾಲಾ–ಎನ್’ ಮಾತ್ರೆ ಈ ಬಗೆಯದು. ಈಸ್ಟ್ರೋಜನ್ ರಕ್ತ ಹೆಪ್ಪುಗಟ್ಟುವುದನ್ನು ಇನ್ನಷ್ಟು ಹೆಚ್ಚಿಸುತ್ತದೆ. ಇಂತಹವರಿಗೆ ನಿರೋಧ್ ಮತ್ತು ಕಾಪರ್–ಟಿ ಸಾಮಾನ್ಯವಾಗಿ ಹೊಂದುತ್ತವೆ. ಬೇಕಾದಷ್ಟು ಮಕ್ಕಳಾದ ಮೇಲೆ, ಪತ್ನಿಯನ್ನು ಶಸ್ತ್ರಚಿಕಿತ್ಸೆಗೆ ಗುರಿಮಾಡುವ ಬದಲು ಪತಿಯೇ ಸರಳವಾದ ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವುದು ವಿವೇಕದ ಮಾರ್ಗ.

ನೆನಪಿನಲ್ಲಿಡಿ

1. ಗರ್ಭ ಪದೇ ಪದೇ ಇಳಿದುಹೋಗುತ್ತಿದ್ದರೆ ಪತಿ–ಪತ್ನಿ ಇಬ್ಬರೂ ಕೂಡಿ ವೈದ್ಯರನ್ನು ಕಾಣಿರಿ.
2. ಎಲ್ಲ ವರದಿಗಳನ್ನೂ ದಿನಾಂಕದ ಕ್ರಮದಲ್ಲಿ ತಾಯಿ ಕಾರ್ಡಿನೊಂದಿಗೆ ಒಂದೇ ಚೀಲದಲ್ಲಿಡಿ. ಪಹಣಿ, ಪತ್ರಗಳಂತೆ ಅವನ್ನೂ ಕಾಪಾಡಿ.
3. ಎರಡು ವರದಿಗಳ ಅಂಕಿಗಳನ್ನು ನೀವೇ ಹೋಲಿಸಿ ತೀರ್ಮಾನಿಸಬೇಡಿ. ಎರಡನ್ನೂ ವೈದ್ಯರ ಮುಂದಿಡಿ.
4. 12 ವಾರಗಳ ನಂತರದ ಎರಡನೆಯ ಪರೀಕ್ಷೆಯನ್ನು ತಪ್ಪಿಸಬೇಡಿ.
5. ಮುಟ್ಟು ನಿಂತ ಕೂಡಲೇ ಆಶಾ ಕಾರ್ಯಕರ್ತೆಗೂ ವೈದ್ಯರಿಗೂ ತಿಳಿಸಿ. ಹಿಂದಿನ ಗರ್ಭಪಾತಗಳ ವಿವರವನ್ನು ಮುಚ್ಚಿಡಬೇಡಿ.

ಆರಂಭದಲ್ಲಿ ಊಹಿಸಿಕೊಂಡ ದಂಪತಿಗಳಿಗೆ ಇಂದಿಗೂ ದಾರಿ ಮುಚ್ಚಿಲ್ಲ. ರಕ್ತ ಕೊಟ್ಟ ಪ್ರಯೋಗಾಲಯಕ್ಕೆ ಹೋಗಿ ಹಳೆಯ ವರದಿಯ ಪ್ರತಿಯನ್ನು ಕೇಳಿ ಪಡೆದು, ಎರಡು ಕಾಗದಗಳನ್ನೂ ಹಿಡಿದು, ಇಬ್ಬರೂ ಜೊತೆಯಾಗಿ ಇಂದೇ ವೈದ್ಯರ ಬಳಿಗೆ ನಡೆದರೆ, ನಾಲ್ಕನೆಯ ಗರ್ಭವನ್ನು ಉಳಿಸಿಕೊಳ್ಳಲು ಇನ್ನೂ ಅವಕಾಶವಿದೆ.